ಪುಸ್ತಕದಂಗಡಿಯ ಪತ್ತೇದಾರರು

ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು 'ಕೋಜಿ ಮಿಸ್ಟರಿ' ಎಂಬ ಇಂಗ್ಲಿಷ್ ಕಾದಂಬರಿಗಳಿಗೆ ಮಾರುಹೋಗಿದ್ದಾರೆ. ಚಿಕ್ಕದೊಂದು ಊರು, ಅಲ್ಲೊಂದು ಹಳೆಯ ಪುಸ್ತಕದಂಗಡಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮಲಗಿದ ಬೆಕ್ಕು, ಊರಲ್ಲೊಂದು ಕೊಲೆ. ಪೊಲೀಸರಿಗೆ ಬಗೆಹರಿಯದ ಒಗಟನ್ನು ಅಂಗಡಿಯ ಒಡತಿಯೇ ಬಿಡಿಸುತ್ತಾಳೆ. ಸಾವನ್ನು ಇಷ್ಟು ಹಗುರಾಗಿ ಕಾಣಬಹುದೇ ಎಂದು ಕೇಳುವವರ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೂ ಈ ಕಥೆಗಳ ಆಕರ್ಷಣೆ ಇರುವುದು ಕೊಲೆಯಲ್ಲಲ್ಲ, ಪರಿಚಯದಲ್ಲಿ ಎಂಬುದು ನನ್ನ ಅಭಿಪ್ರಾಯ.

ಕ್ರಿಸ್ಟಫರ್ ಮಾರ್ಲಿ 1919ರಲ್ಲಿಯೇ ಬರೆದ 'ದಿ ಹಾಂಟೆಡ್ ಬುಕ್‌ಶಾಪ್' ನೋಡಿರಿ. ಬ್ರೂಕ್ಲಿನ್‌ನ ಅಂಗಡಿಯೊಂದರಲ್ಲಿ ಕಾರ್ಲೈಲನ ಒಂದು ಗ್ರಂಥ ಮಾಯವಾಗುತ್ತದೆ, ಮತ್ತೆ ಕಪಾಟಿನಲ್ಲಿ ಪ್ರತ್ಯಕ್ಷವಾಗುತ್ತದೆ. ತನ್ನ ಕಪಾಟನ್ನು ಬಲ್ಲವನಿಗೆ ಮಾತ್ರ ಅದೊಂದು ಸುಳಿವು. 1930ರಲ್ಲಿ ಅಗಾಥಾ ಕ್ರಿಸ್ಟಿಯ ಕಾದಂಬರಿಗೆ ಕಾಲಿಟ್ಟ ಮಿಸ್ ಮಾರ್ಪಲ್ ಎಂಬ ಅಜ್ಜಿಯ ಬಂಡವಾಳವೂ ತನ್ನ ಹಳ್ಳಿಯ ಜನರ ನಡೆನುಡಿಗಳ ನೆನಪೇ.

ನಮ್ಮಲ್ಲಿ ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಎನ್. ನರಸಿಂಹಯ್ಯನವರು ಐದುನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಅಸಂಖ್ಯ ಕನ್ನಡಿಗರಿಗೆ ಓದಿನ ಚಟ ಹಚ್ಚಿದರು. ಅವರ ಪುರುಷೋತ್ತಮ ವೃತ್ತಿಯಿಂದಲೇ ಪತ್ತೇದಾರ. ಪುಸ್ತಕದಂಗಡಿಯವರನ್ನೇ ಪತ್ತೇದಾರರನ್ನಾಗಿಸುವ ಕಥೆಗೆ ಬೇಕಾದ ಸಾಮಗ್ರಿಯೂ ನಮ್ಮಲ್ಲಿ ಕಡಿಮೆಯಿಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ 'ಅಟ್ಟ'ವನ್ನು ನೆನೆಯಿರಿ. ಲೇಖಕರೂ ಓದುಗರೂ ಮೆಟ್ಟಿಲು ಹತ್ತಿ ಬಂದು, ತಾಸುಗಟ್ಟಲೆ ಹರಟಿ ಹೋಗುತ್ತಿದ್ದ ತಾಣವದು. ಹೊಸಬನಾಗಿದ್ದ ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಪ್ರಕಟವಾದದ್ದೂ ಈ ಮಾಲೆಯಿಂದಲೇ. ಒಳ್ಳೆಯ ಪ್ರಕಾಶಕನೂ ಒಳ್ಳೆಯ ಅಂಗಡಿಕಾರನೂ ಒಂದರ್ಥದಲ್ಲಿ ಪತ್ತೇದಾರರೇ ಸರಿ: ಯಾರೊಳಗೆ ಏನು ಅಡಗಿದೆಯೆಂದು ಅವರು ಕಂಡುಹಿಡಿಯುತ್ತಾರೆ.

ಮೊಬೈಲಿನೊಳಗಿನ ಅಂಗಡಿಯೂ ನೀವು ಕೊಂಡದ್ದನ್ನೆಲ್ಲ ನೆನಪಿಡುತ್ತದೆಯಲ್ಲ ಎನ್ನಬಹುದು. ನಿಜ. ಆದರೆ ಮೂರು ತಿಂಗಳು ನೀವು ಆ ಕಡೆ ಸುಳಿಯದಿದ್ದರೆ ಅದು ರಿಯಾಯಿತಿಯ ಸಂದೇಶ ಕಳಿಸೀತೇ ಹೊರತು, "ಯಾಕ್ರೀ, ಆರಾಮ ಅದೀರಿಲ್ಲೋ?" ಎಂದು ಕೇಳಲಾರದು. ನಮ್ಮನ್ನು ಗುರುತಿಸುವವರೊಬ್ಬರು ಇರಲಿ ಎಂಬ ಹಂಬಲವೇ ನಿಮ್ಮನ್ನು ಆ ಕಾದಂಬರಿಗಳ ಕಡೆಗೆ ಎಳೆಯುತ್ತಿದೆ. ಆದರೆ ಗಿರಾಕಿಗಳಿಲ್ಲದೆ ನಿಜವಾದ ಅಂಗಡಿಗಳು ಕದ ಹಾಕಿಕೊಂಡರೆ, ಅವುಗಳ ಕಥೆಯನ್ನಷ್ಟೇ ಓದಿ ಸುಖಪಡುವ ಸರದಿ ನಮ್ಮದಾಗುತ್ತದೆ. ಇದು ಯಾವ ಪತ್ತೇದಾರನೂ ಬಿಡಿಸಬೇಕಾಗಿಲ್ಲದ ಪ್ರಕರಣ. ಕಾರಣಕರ್ತರು ಯಾರೆಂಬುದು ನಮಗೆಲ್ಲ ಗೊತ್ತು.

ನಮ್ಮ ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸು ಎರಡೂ ಪೇಟೆಗಳನ್ನು ತಪ್ಪಿಸಿಕೊಂಡೇ ಸಾಗುತ್ತದೆ. ಮುಂದಿನ ಸಲ ಊರಿಗೆ ಬಂದಾಗ ಅದನ್ನು ಬಿಟ್ಟು ಒಳದಾರಿ ಹಿಡಿಯಿರಿ. ಹುಬ್ಬಳ್ಳಿಯಲ್ಲಾಗಲಿ ಧಾರವಾಡದಲ್ಲಾಗಲಿ ಒಂದು ಪುಸ್ತಕದಂಗಡಿಯ ಮೆಟ್ಟಿಲು ಹತ್ತಿ, ಒಂದು ಪುಸ್ತಕ ಕೊಳ್ಳಿರಿ; ಬರುವಾಗ ನಿಮ್ಮ ಹೆಸರನ್ನೂ ಹೇಳಿ ಬನ್ನಿರಿ.