ಶಾಲೆಯಲ್ಲಿ ಸೂಜಿ ದಾರ

ಜೂನ್ ತಿಂಗಳಲ್ಲಿ ಶಾಲೆಗಳ ಬಾಗಿಲು ತೆರೆದೊಡನೆ ಸಾಗರದ ಪೇಟೆಯ ಹೊಲಿಗೆಯ ಅಂಗಡಿಗಳಲ್ಲಿ ಕಾಲಿಡಲು ಎಡೆಯಿರುವುದಿಲ್ಲ. ವಿದ್ಯಾವಿಕಾಸ ಯೋಜನೆಯ ಮೇರೆಗೆ ಸರಕಾರವು ತನ್ನ ಶಾಲೆಗಳ ಮಕ್ಕಳಿಗೆ ಸಮವಸ್ತ್ರದ ಬಟ್ಟೆಯನ್ನು ಉಚಿತವಾಗಿ ಒದಗಿಸುತ್ತದೆ. ಹೊಲಿಸುವ ಭಾರ ಹೆತ್ತವರದು. ಹೊರಗೆ ಮಳೆ ಹುಯ್ಯುತ್ತಿರಲು, ಬಟ್ಟೆಯ ತುಂಡನ್ನು ಕಂಕುಳಲ್ಲಿ ಅವುಚಿಕೊಂಡು, ಇನ್ನೆಷ್ಟು ದಿನ ಬೇಕೆಂದು ದರ್ಜಿಯನ್ನು ಕೇಳುತ್ತ ನಿಂತ ತಾಯಂದಿರನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬೇಕು. ಪಕ್ಕದಲ್ಲಿ ಹದಿನೈದು ವರ್ಷದ ಮಗಳೋ ಮಗನೋ ನಿಂತಿರುವುದುಂಟು. ತ್ರಿಕೋನಗಳ ಸರ್ವಸಮತೆಯ ಪ್ರಮೇಯವನ್ನು ತಡೆಯಿಲ್ಲದೆ ಒಪ್ಪಿಸಬಲ್ಲ ಆ ವಿದ್ಯಾರ್ಥಿಯನ್ನು, ನೀನು ತೊಟ್ಟ ಅಂಗಿಯ ತೋಳು ಕತ್ತರಿಸುವ ಮೊದಲು ಯಾವ ಆಕಾರದಲ್ಲಿತ್ತು ಎಂದು ಕೇಳಿ ನೋಡಿರಿ. ಉತ್ತರ ಬಾರದು. ಒಂಬತ್ತು ವರ್ಷ ಶಾಲೆಯಲ್ಲಿ ಕಳೆದವರ ಸ್ಥಿತಿ ಇದು.

ಹೊಲಿಗೆಯನ್ನು ಕಲಿಸುವ ಏರ್ಪಾಡು ಈಗ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಮೂರು ತಿಂಗಳ ತರಬೇತಿಗಳಿವೆ. ಹೊಲಿಗೆಯ ಯಂತ್ರಗಳನ್ನು ಹಂಚುವ ಸಮಾರಂಭಗಳಂತೂ ಚುನಾವಣೆಯ ಮುಂಚೆ ಮಳೆಗಾಲದ ಅಣಬೆಗಳಂತೆ ಎದ್ದುಬರುತ್ತವೆ. ದಾನಿಗಳ ಹೆಸರು ಯಂತ್ರದ ಮೇಲೆ ದೊಡ್ಡಕ್ಷರಗಳಲ್ಲಿರುತ್ತದೆ. ಅಳತೆ ತೆಗೆಯುವ ವಿದ್ಯೆ ಅದರ ಮೇಲೆ ಎಲ್ಲಿಯೂ ಬರೆದಿರುವುದಿಲ್ಲ. ಆರು ತಿಂಗಳಲ್ಲಿ ಆ ಯಂತ್ರವು ಎಷ್ಟೋ ಮನೆಗಳಲ್ಲಿ ಪಾತ್ರೆಯನ್ನಿಡುವ ಮೇಜಾಗಿ ಪರಿಣಮಿಸುತ್ತದೆ. ನೇರವಾಗಿ ಹೊಲಿಗೆ ಹಾಕುವುದನ್ನು ಒಂದು ವಾರದಲ್ಲಿ ಯಾರಾದರೂ ಕಲಿತಾರು. ದೇಹದ ಉಬ್ಬುತಗ್ಗುಗಳನ್ನು ಬಟ್ಟೆಯ ಸಮತಟ್ಟಿನ ಮೇಲೆ ಗೆರೆಯಾಗಿ ಕಾಣುವುದು, ಹೊಲಿಗೆಗೆಂದು ಅಂಚಿನಲ್ಲಿ ಎಷ್ಟು ಬಿಡಬೇಕೆಂದು ತಿಳಿಯುವುದು, ಒಂದು ಗೇಣು ಬಟ್ಟೆಯೂ ವ್ಯರ್ಥವಾಗದಂತೆ ಹಾಸಿ ಕತ್ತರಿಸುವುದು, ಇವುಗಳಲ್ಲಿ ಬುದ್ಧಿಯ ಕೆಲಸವಿದೆ. ನಾವು ಕಲಿಸದೆ ಬಿಟ್ಟಿರುವುದು ಇದನ್ನೇ.

ಹೀಗೆ ಬಿಟ್ಟುದರ ಫಲವನ್ನು ಉಣ್ಣುತ್ತಿರುವವರು ನಮ್ಮ ಹೆಣ್ಣುಮಕ್ಕಳು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಕಾರ್ಮಿಕರು ದುಡಿಯುತ್ತಾರೆ; ಅವರಲ್ಲಿ ಹೆಚ್ಚಿನವರು ಹೆಂಗಸರು. ಅಲ್ಲಿ ಒಬ್ಬಳಿಗೆ ಕೊರಳಪಟ್ಟಿ, ಇನ್ನೊಬ್ಬಳಿಗೆ ಜೇಬು, ಮತ್ತೊಬ್ಬಳಿಗೆ ಗುಂಡಿಯ ಕಾಜಾ. ದಿನವೆಲ್ಲ ಅದೊಂದೇ. ಕೆಲಸ ಬಿಟ್ಟು ಊರಿಗೆ ಮರಳಿದಾಗ, ಸಾವಿರಾರು ಕೊರಳಪಟ್ಟಿಗಳನ್ನು ಕೂಡಿಸಿದ ಕೈಗೆ ತನ್ನ ಮಗುವಿನ ಒಂದು ಅಂಗಿಯನ್ನು ಮೊದಲಿನಿಂದ ಕೊನೆಯವರೆಗೆ ಹೊಲಿಯಲು ಬರುವುದಿಲ್ಲವೆಂದರೆ, ಅವಳು ಅಲ್ಲಿ ಕಲಿತದ್ದೇನು? ಈ ಹೆಂಗಸರಿಗೆ ಶಕ್ತಿಯಿಲ್ಲವೆಂದು ಯಾರೂ ಹೇಳಲಾರರು. 2016ರ ಏಪ್ರಿಲ್ ತಿಂಗಳಲ್ಲಿ ಭವಿಷ್ಯನಿಧಿಯ ಹಣವನ್ನು ಹಿಂದೆಗೆಯಲು ಅಡ್ಡಿಯಾದ ಹೊಸ ನಿಯಮದ ವಿರುದ್ಧ ಅವರು ಬೆಂಗಳೂರಿನ ಬೀದಿಗಿಳಿದಾಗ, ಕೇಂದ್ರ ಸರಕಾರವು ಆ ನಿಯಮವನ್ನೇ ಕೈಬಿಡಬೇಕಾಯಿತು. ಅವರಿಗೆ ಇಲ್ಲವಾದದ್ದು ಶಕ್ತಿಯಲ್ಲ, ಪೂರ್ಣವಾದ ಕಸುಬು.

ಪೂರ್ಣವಾದ ಕಸುಬು ಹೇಗಿರುತ್ತದೆಂದು ನೋಡಲು ಸಾಗರದವರು ದೂರ ಹೋಗಬೇಕಾಗಿಲ್ಲ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ 1996ರಲ್ಲಿ ‘ಚರಕ’ವೆಂಬ ಮಹಿಳೆಯರ ಸಹಕಾರ ಸಂಘ ಹುಟ್ಟಿತು. ಅದರ ಹಿಂದೆ ನಿಂತವರು ಜವಳಿಯ ವ್ಯಾಪಾರಿಗಳಲ್ಲ, ನಾಟಕದ ನಿರ್ದೇಶಕರಾದ ಪ್ರಸನ್ನನವರು. ಕೈಮಗ್ಗದ ಹತ್ತಿಬಟ್ಟೆಗೆ ಗಿಡಮೂಲದ ಬಣ್ಣ ಕಟ್ಟಿ, ಅಚ್ಚೊತ್ತಿ, ಜುಬ್ಬ ಮೊದಲಾದ ಉಡುಪುಗಳನ್ನು ಹೊಲಿದು, ‘ದೇಸಿ’ ಎಂಬ ಅಂಗಡಿಗಳ ಮೂಲಕ ಮಾರುವ ಕೆಲಸದಲ್ಲಿ ಸುತ್ತಣ ಹಳ್ಳಿಗಳ ಹೆಣ್ಣುಮಕ್ಕಳು ನುರಿತರು. ಅಡಿಕೆಯನ್ನು ಬೇಯಿಸಿದ ಚೊಗರು ನಮ್ಮ ತೋಟದ ಮನೆಗಳಲ್ಲಿ ಅಡಿಕೆಗೇ ಬಣ್ಣ ಕೊಡಲು ಬಳಕೆಯಾಗುವ ವಸ್ತು. ಭೀಮನಕೋಣೆಯಲ್ಲಿ ಅದು ಬಟ್ಟೆಯ ಬಣ್ಣವಾಯಿತು. ಚೊಗರಿನ ಒಗರಿಗೆ ಕಬ್ಬಿಣದ ಅಂಶ ಸೇರಿದರೆ ಬಟ್ಟೆ ಕಪ್ಪಿಗೆ ತಿರುಗುತ್ತದೆ. ಪ್ರಯೋಗಶಾಲೆಯಿಲ್ಲವೆಂದು ಕೊರಗುವ ಉಪಾಧ್ಯಾಯರು ಒಂದು ಪಾತ್ರೆ ಚೊಗರನ್ನೂ ನಾಲ್ಕು ತುಕ್ಕುಹಿಡಿದ ಮೊಳೆಗಳನ್ನೂ ತರಗತಿಗೆ ಒಯ್ದರೆ ರಸಾಯನಶಾಸ್ತ್ರದ ಒಂದು ಪಾಠ ಅಲ್ಲಿಯೇ ಮುಗಿದುಹೋಗುವುದು.

ಆದರೆ ಇದೇ ಸಂಘವು 2020ರಲ್ಲಿ ಹಣದ ಮುಗ್ಗಟ್ಟಿಗೆ ಸಿಕ್ಕಿ ತನ್ನ ದಿವಾಳಿಯನ್ನು ಬಹಿರಂಗವಾಗಿ ಸಾರಬೇಕಾಯಿತು. ಇದನ್ನು ಮರೆಮಾಚಿ ಬರಿಯ ಹೊಗಳಿಕೆಯನ್ನು ಬರೆಯುವುದು ಪತ್ರಿಕಾಧರ್ಮವಲ್ಲ. ಸರಕು ಮತ್ತು ಸೇವಾ ತೆರಿಗೆ ಬಂದ 2017ರಲ್ಲಿ, ಕೈಯಿಂದ ಮಾಡಿದ ವಸ್ತುಗಳ ಮೇಲೆ ತೆರಿಗೆ ಸಲ್ಲದೆಂದು ಪ್ರಸನ್ನನವರು ಉಪವಾಸ ಮಾಡಿದುದನ್ನೂ ವಾಚಕರು ಮರೆತಿರಲಾರರು. ಕೌಶಲವಿದ್ದ ಮಾತ್ರಕ್ಕೆ ಅನ್ನ ಹುಟ್ಟುವುದಿಲ್ಲ. ಕೊಳ್ಳುವವರು ಬೇಕು, ಬಂಡವಾಳ ಬೇಕು, ಸರಕಾರದ ನೀತಿ ನೆಟ್ಟಗಿರಬೇಕು. ಆದುದರಿಂದ, ಹೊಲಿಗೆ ಕಲಿತವರಿಗೆಲ್ಲ ನೌಕರಿ ಸಿಕ್ಕೀತೆಂದು ಹದಿಹರೆಯದ ಮಕ್ಕಳಿಗೆ ಆಸೆ ತೋರಿಸುವುದು ವಂಚನೆ. ಸಂಪಾದನೆಯ ಮಾತು ಹಾಗಿರಲಿ. ಹೊಲಿಗೆಯನ್ನು ವಿದ್ಯೆಯೆಂದೇ ಕಲಿಸಬೇಕೆಂಬುದು ನಮ್ಮ ವಾದ.

ಈ ವಾದ ಹೊಸದಲ್ಲ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದ ಶಿಕ್ಷಣ ಪರಿಷತ್ತಿನಲ್ಲಿ ಗಾಂಧೀಜಿಯವರು ಕೈಕಸುಬನ್ನು ಶಿಕ್ಷಣದ ನಡುವಿಗೇ ತರಬೇಕೆಂದರು. ಅಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರಾದ ಜಾಕಿರ್ ಹುಸೇನರು ಆಗಲೇ ಒಂದು ಎಚ್ಚರಿಕೆ ಕೊಟ್ಟಿದ್ದರು: ಹಣದ ಗಳಿಕೆಯ ಮೇಲೆ ಕಣ್ಣಿಟ್ಟರೆ ಶಿಕ್ಷಣದ ಉದ್ದೇಶವು ಬಲಿಯಾದೀತು. ಕಾನೂನನ್ನೇ ಓದಿಕೊಂಡು ಬದುಕುವ ನಮಗೆ ಈ ಎಚ್ಚರಿಕೆಯ ಬೆಲೆ ಚೆನ್ನಾಗಿ ಗೊತ್ತು. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಬಂದ ತಿದ್ದುಪಡಿಯು 14ರಿಂದ 18ರ ವಯಸ್ಸಿನವರನ್ನು ಅಪಾಯಕರ ಕೆಲಸಗಳಿಂದ ಮಾತ್ರ ದೂರವಿಟ್ಟಿದೆ. ಉಳಿದೆಡೆ ‘ತರಬೇತಿ’ ಎಂಬ ಹೆಸರಿನ ಹಿಂದೆ ಅಗ್ಗದ ದುಡಿಮೆ ಅಡಗಿ ಕುಳಿತುಕೊಳ್ಳುವುದು ಕಷ್ಟವೇನಲ್ಲ. ಆದಕಾರಣ ಶಾಲೆಯ ಹೊಲಿಗೆಗೆ ಕಟ್ಟುನಿಟ್ಟಾದ ಒಂದು ಎಲ್ಲೆ ಇರತಕ್ಕದ್ದು. ಮಗು ತನಗಾಗಿ ಹೊಲಿಯಲಿ. ಹೊರಗಿನ ಒಂದು ಗುತ್ತಿಗೆಯೂ ಶಾಲೆಯ ಬಾಗಿಲೊಳಗೆ ಬಾರದಿರಲಿ.

ಹಾಗಾದರೆ ಮೊದಲ ಪಾಠ ಯಾವುದು? ಸರಕಾರವೇ ಕೊಡುವ ಆ ಸಮವಸ್ತ್ರದ ಬಟ್ಟೆ! ಒಂಬತ್ತನೆಯ ತರಗತಿಯ ವಿದ್ಯಾರ್ಥಿಯು ಹಳೆಯ ಪತ್ರಿಕೆಯ ಕಾಗದದ ಮೇಲೆ ತನ್ನ ಅಂಗಿಯ ನಕ್ಷೆಯನ್ನು ಬರೆಯಲಿ. ಹಳೆಯ ಪಂಚೆಯ ತುಂಡಿನಲ್ಲಿ ಕತ್ತರಿಸಿ ಪ್ರಯೋಗ ಮಾಡಲಿ. ತಪ್ಪಿದರೆ ಹೊಲಿಗೆ ಬಿಚ್ಚಲಿ. ಕೈ ಕುದುರಿದ ಮೇಲೆ ಹೊಸ ಬಟ್ಟೆಗೆ ಕತ್ತರಿ ಹಾಕಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಕಸುಬುದಾರರ ಬಳಿ ಕಲಿಯಬೇಕೆಂದಿತು. ಹತ್ತು ದಿನಗಳಲ್ಲಿ ಕಾಜಾ ಹೊಲಿಯುವುದೂ ಕೈವಶವಾಗದು. ವಾರಕ್ಕೆ ಎರಡು ತಾಸಿನಂತೆ ಒಂದು ವರ್ಷವಾದರೂ ಬೇಕು, ಕಲಿಸಲು ಊರಿನ ದರ್ಜಿಯನ್ನೇ ತಕ್ಕ ಸಂಭಾವನೆಯಿತ್ತು ಕರೆಯಬೇಕು. ಪೇಟೆಯ ಅಂಗಡಿಗಳಲ್ಲಿ ಗಂಡಸರು ಹೊಲಿಯುತ್ತಿರುವಾಗ ಶಾಲೆಯಲ್ಲಿ ಹೊಲಿಗೆಯೆಂದರೆ ಹುಡುಗಿಯರ ಪಾಲಿಗೆ ಮಾತ್ರವೆಂಬ ಭಾವನೆ ಹೇಗೆ ಬಂದಿತೋ ನಾವರಿಯೆವು! ಹುಡುಗರೂ ಕೂಡಬೇಕು, ತೋಟದ ಒಡೆಯರ ಮಕ್ಕಳೂ ಕೂಲಿಯವರ ಮಕ್ಕಳೂ ಒಂದೇ ಮೇಜಿನ ಸುತ್ತ ನಿಲ್ಲಬೇಕು. ಬಡವರಿಗೆ ಸೂಜಿ, ಉಳ್ಳವರಿಗೆ ಪುಸ್ತಕ ಎಂಬ ವಿಂಗಡಣೆಯಾದರೆ ಈ ಯೋಜನೆಯೇ ಬೇಡ.

ವಸ್ತ್ರವಿನ್ಯಾಸ, ಎಂದರೆ ಈಗ ಎಲ್ಲರ ಬಾಯಲ್ಲಿರುವ ಫ್ಯಾಶನ್ ಡಿಸೈನ್, ಪಟ್ಟಣದಿಂದ ಬರತಕ್ಕ ವಿದ್ಯೆಯೆಂದು ನಮ್ಮ ತರುಣ ತರುಣಿಯರು ನಂಬಿದ್ದಾರೆ. ಸಾಗರ ಸೊರಬಗಳ ದೀವರ ಮನೆಗಳ ಗೋಡೆಯನ್ನು ಅವರು ನೋಡಿಲ್ಲವೇ? ಕೆಮ್ಮಣ್ಣಿನ ಮೇಲೆ ಅಕ್ಕಿಯ ಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚ ಹಿಡಿದು, ಅಳತೆಗೋಲಿಲ್ಲದೆ ಎಳೆ ಎಳೆಯಾಗಿ ಹಸೆ ಚಿತ್ತಾರ ಬರೆಯುವ ಆ ಗೃಹಿಣಿಯರಿಗೆ ವಿನ್ಯಾಸವನ್ನು ಯಾವ ಪಟ್ಟಣ ಕಲಿಸಿತು? ಧಾರವಾಡದ ಕಡೆಯ ಕಸೂತಿಯಲ್ಲಿಯೂ ಇದೇ ಬುದ್ಧಿಯಿದೆ: ಬಟ್ಟೆಯ ಮೇಲೆ ಗೆರೆ ಬರೆಯದೆ, ದಾರಕ್ಕೆ ಗಂಟು ಹಾಕದೆ, ಬರಿಯ ಎಳೆಗಳನ್ನು ಎಣಿಸಿ ಗೋಪುರವನ್ನೂ ತೇರನ್ನೂ ಮೂಡಿಸುತ್ತಾರೆ. ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಅದರ ನಾಲ್ಕು ಹೊಲಿಗೆಗಳ ಹೆಸರುಗಳು ಸಾಗರದ ಹುಡುಗಿಗೆ ಗೊತ್ತಿಲ್ಲ. ಧಾರವಾಡದ ಹುಡುಗಿಗೆ ಚಿತ್ತಾರದ ಹೆಸರು ಗೊತ್ತಿಲ್ಲ. 1956ರ ನವೆಂಬರ್ 1ರಂದು ಈ ಎರಡು ಸೀಮೆಗಳು ಒಂದೇ ರಾಜ್ಯದೊಳಗೆ ಬಂದವು. ಅಷ್ಟು ವರ್ಷಗಳಾದರೂ ಒಂದರ ಕೈಕಸುಬು ಇನ್ನೊಂದರ ಶಾಲೆಯ ಬಾಗಿಲನ್ನು ಮುಟ್ಟಲಿಲ್ಲವೆಂಬುದು ನಾಚಿಕೆಯ ಸಂಗತಿ. ಇಷ್ಟೆಲ್ಲ ಕನ್ನಡ ಮಾತುಗಳು ಇರುವಾಗ ಕನ್ನಡ ಶಾಲೆಯ ಹೊಲಿಗೆಯ ಪಾಠವು ಇಂಗ್ಲಿಷಿನಲ್ಲಿ ನಡೆಯಬೇಕಾದ ಕಾರಣವೂ ನಮಗೆ ಕಾಣದು.

ಖರ್ಚಿನ ಪ್ರಶ್ನೆಯನ್ನು ಎತ್ತುವವರಿಗೆ ಒಂದು ಮಾತು. ದೊಡ್ಡದೊಂದು ಮೇಜು, ನಾಲ್ಕಾರು ಕತ್ತರಿಗಳು, ಅಳತೆಯ ಪಟ್ಟಿಗಳು, ತುಳಿಯುವ ಯಂತ್ರಗಳು ಎರಡು ಮೂರು. ಯಂತ್ರಗಳನ್ನು ಹೊಸದಾಗಿ ಕೊಳ್ಳಲೂ ಬೇಕಾಗಿಲ್ಲ. ಸಮಾರಂಭಗಳಲ್ಲಿ ಹಂಚಿದವುಗಳು ಊರಿನ ಮನೆಗಳಲ್ಲಿ ಪಾತ್ರೆ ಹೊತ್ತು ನಿಂತಿವೆ, ಕೇಳಿದರೆ ಕೊಟ್ಟಾರು. ಮುಂದಿನ ಜೂನ್‌ಗೆ ಬಟ್ಟೆಯ ಗಂಟು ಬರುವ ಮೊದಲು, ತಾಲ್ಲೂಕಿನ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಸಮಿತಿಗಳವರೂ ಒಮ್ಮೆ ಸಭೆ ಸೇರಿ, ಯಾವ ಶಾಲೆಯಲ್ಲಿ ಮೊದಲು ಮೇಜು ಹಾಕಬೇಕೆಂಬುದನ್ನು ತೀರ್ಮಾನಿಸಬೇಕೆಂದು ಕೇಳಿಕೊಳ್ಳುತ್ತೇವೆ.