ಗೀತದ ಯೋಗ್ಯತೆಯೂ ಪರೀಕ್ಷಕರ ಗುಣಗಳೂ

ಬೆಳಗಾವಿ-ಖಾನಾಪುರದ ಜನರಿಗೆ ಪೋರ್ತುಗಾಲವು ಕೇವಲ ಭೂಪಟದ ಹೆಸರಲ್ಲ. 1961ರ ಡಿಸೆಂಬರದ ವರೆಗೆ ಅದರ ಆಳಿಕೆಯು ನಮ್ಮ ಘಟ್ಟದ ಕೆಳಗೇ, ಗೋವೆಯಲ್ಲಿ ಇದ್ದಿತು. ಆ ದೇಶವು ಅಂತರರಾಷ್ಟ್ರೀಯ ಗೀತಸ್ಪರ್ಧೆಯಲ್ಲಿ ಇಟ್ಟ ಮೊದಲ ಹೆಜ್ಜೆಗಳು ನಮಗೂ ವಿಚಾರಾರ್ಹವಾಗಿರುವವು.

ಯುರೋಪದ ಪ್ರಸಾರ ಸಂಸ್ಥೆಗಳು 1956ರಲ್ಲಿ 7 ರಾಷ್ಟ್ರಗಳನ್ನು ಕೂಡಿಸಿ ಯುರೋವಿಜನ್ ಗೀತಸ್ಪರ್ಧೆಯನ್ನು ಆರಂಭಿಸಿದವು. ಪೋರ್ತುಗಾಲವು ಅದನ್ನು ಪ್ರವೇಶಿಸಿದ್ದು 1964ರಲ್ಲಿ, ಕೋಪನ್‌ಹೇಗನ್ ನಗರದಲ್ಲಿ. ಗಾಯಕ ಅಂತೋನಿಯೋ ಕಲ್ವಾರಿಯೋ ತನ್ನ ನಾಡನುಡಿಯಲ್ಲಿ ಹಾಡಿದನು. ದೊರೆತ ಗುಣಗಳು ಸೊನ್ನೆ! ಅದೇ ಸಭೆಯಲ್ಲಿ ಒಬ್ಬನು ವೇದಿಕೆಯನ್ನೇರಿ, ಫ್ರಾಂಕೊ ಮತ್ತು ಸಾಲಾಜಾರರನ್ನು ಬಹಿಷ್ಕರಿಸಿರೆಂಬ ಫಲಕವನ್ನು ಹಿಡಿದು ನಿಂತನು. ಸರ್ವಾಧಿಕಾರಿಯ ಅಪಕೀರ್ತಿಯು ಗಾಯಕನಿಗಿಂತ ಮುಂಚೆಯೇ ಅಲ್ಲಿಗೆ ಮುಟ್ಟಿತ್ತು.

ಹತ್ತು ವರ್ಷಗಳ ತರುವಾಯ, 1974ರ ಏಪ್ರಿಲದಲ್ಲಿ, ಪಾವ್ಲೊ ದ ಕಾರ್ವಾಲ್ಯೋ ಇಂಗ್ಲಂಡದ ಬ್ರೈಟನ್ನಿನಲ್ಲಿ ಹಾಡಿದ ಗೀತಕ್ಕೆ 3 ಗುಣಗಳು ಮಾತ್ರ ಬಂದವು. ಕಟ್ಟಕಡೆಯ ಸ್ಥಾನವನ್ನು ಬೇರೆ ಮೂವರೊಡನೆ ಹಂಚಿಕೊಳ್ಳಬೇಕಾಯಿತು. ಆದರೆ ಅದೇ ತಿಂಗಳ 24ರ ರಾತ್ರಿ ಲಿಸ್ಬನ್ನಿನ ರೇಡಿಯೋ ಅದೇ ಹಾಡನ್ನು ಬಿತ್ತರಿಸಿದಾಗ, ಅದು ದಂಗೆಗೆ ಸಿದ್ಧರಾಗಿದ್ದ ಸೈನಿಕರಿಗೆ ಮೊದಲ ಸಂಕೇತವಾಯಿತು. ಮರುದಿನವೇ ಸರ್ವಾಧಿಕಾರವು ಉರುಳಿತು. ಆ ವರ್ಷದ ಡಿಸೆಂಬರ 31ರಂದು ಹೊಸ ಪ್ರಭುತ್ವವು ಗೋವೆಯ ಮೇಲೆ ಭಾರತದ ಒಡೆತನವನ್ನು ಒಪ್ಪಂದದ ಮೂಲಕ ಮಾನ್ಯಮಾಡಿತು. ಮೂರು ಗುಣಗಳ ಗೀತವು ಯಾವ ಘಟನೆಗಳಿಗೆ ನಾಂದಿಯಾಯಿತೆಂಬದನ್ನು ವಾಚಕರೇ ಎಣಿಸಲಿ!

2017ರಲ್ಲಿ ಕೀವ್ ನಗರದಲ್ಲಿ ಬಹುತೇಕ ದೇಶಗಳು ಇಂಗ್ಲಿಷಿನಲ್ಲಿ ಹಾಡುತ್ತಿರಲು, ಸಾಲ್ವದೋರ್ ಸೊಬ್ರಾಲ್ ತನ್ನ ತಾಯ್ನುಡಿಯಲ್ಲಿ ಹಾಡಿ 758 ಗುಣಗಳೊಡನೆ ಜಯಶಾಲಿಯಾದನು. ಸೊನ್ನೆಯಿಂದ ಅಲ್ಲಿಗೆ ಮುಟ್ಟಲು 53 ವರ್ಷಗಳು ಹಿಡಿದವು.

ನಮ್ಮ ಊರಿಗೂ ಇಂಥ ಹೆಮ್ಮೆಯೊಂದು ಇದೆ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಮಹಾತ್ಮರ ಅಧ್ಯಕ್ಷತೆಯಲ್ಲಿ, ಅಖಿಲ ಭಾರತದ ಪ್ರತಿನಿಧಿಗಳೆದುರು ಹುಯಿಲಗೋಳ ನಾರಾಯಣರಾಯರ ನಾಡಗೀತವು ಕನ್ನಡದಲ್ಲಿಯೇ ಮೊಳಗಿತು. ಅದಕ್ಕೆ ಗುಣ ಕೊಡುವ ಪರೀಕ್ಷಕರಿರಲಿಲ್ಲ. 1956ರ ನವೆಂಬರ 1ರಂದು ಏಕೀಕರಣವೇ ಅದರ ಪಾರಿತೋಷಕವಾಯಿತು.

ಆದುದರಿಂದ ರಾಮತೀರ್ಥ ನಗರದ ಮನೆಯಿರಲಿ, ಖಾನಾಪುರದ ಶಾಲೆಯಿರಲಿ, ಮಕ್ಕಳನ್ನು ಸ್ಪರ್ಧೆಗೆ ಕಳಿಸುವ ಹಿರಿಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಪಾರಿತೋಷಕದ ಆಶೆಯಿಂದ ಪರರ ಅನುಕರಣವನ್ನು ಕಲಿಸಬೇಡಿರಿ. ತಮ್ಮ ನುಡಿಯಲ್ಲಿ ಹಾಡಿ ಸೋತು ಬಂದವರನ್ನು ಮತ್ತೆ ಹಾಡಲು ಕಳಿಸಿರಿ. ಪರೀಕ್ಷಕರ ತೀರ್ಪು ಒಂದು ಸಂಜೆಯದು. ಕಾಲದ ತೀರ್ಪು ಬೇರೆಯೇ ಇರುವದು.