ರೇಡಿಯೋಗ್ರಾಫರ್ ತರಬೇತಿ: ಆಸ್ಪತ್ರೆಗಳೇ ಶಾಲೆಗಳಾಗಬೇಕು

ರಾಜ್ಯದ ಖಾಸಗಿ ಆಸ್ಪತ್ರೆ ಉದ್ಯಮವು ಬೆಂಗಳೂರು, ಮಂಗಳೂರು, ಮಣಿಪಾಲಗಳ ಎಲ್ಲೆಯನ್ನು ದಾಟಿ ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಕಲಬುರಗಿಯಂತಹ ನಗರಗಳಲ್ಲಿಯೂ ನೆಲೆಯೂರಿದೆ. ಸಿ.ಟಿ. ಸ್ಕ್ಯಾನ್, ಎಂ.ಆರ್.ಐ. ಎಂಬ ಫಲಕಗಳು ಇಂದು ಮಹಾನಗರಗಳಿಗಷ್ಟೇ ಸೀಮಿತವಾಗಿಲ್ಲ. ಕೋಟಿಗಟ್ಟಲೆ ಬೆಲೆಯ ಈ ಯಂತ್ರಗಳಿಗೆ ಬ್ಯಾಂಕುಗಳು ಸಾಲ ನೀಡುತ್ತವೆ. ತಯಾರಕರ ಪ್ರತಿನಿಧಿಗಳು ಬಾಗಿಲಿಗೇ ಬಂದು ಒಪ್ಪಂದ ಮಾಡಿಕೊಳ್ಳುತ್ತಾರೆ. ಆದರೆ ಅವುಗಳನ್ನು ನಡೆಸಬಲ್ಲ ನುರಿತ ರೇಡಿಯೋಗ್ರಾಫರ್ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ವಿಪ್ರೋ ಜಿಇ ಸಂಸ್ಥೆಯು 1990ರಲ್ಲಿ ತಲೆಯೆತ್ತಿದ್ದು ಬೆಂಗಳೂರಿನಲ್ಲಿ. ವೈದ್ಯಕೀಯ ಬಿಂಬಯಂತ್ರಗಳ ತಯಾರಿಕೆಗೆ ಹೆಸರಾದ ರಾಜ್ಯದಲ್ಲಿಯೇ ಅವುಗಳ ಮುಂದೆ ನಿಲ್ಲುವವರ ತರಬೇತಿಯನ್ನು ಇಷ್ಟು ಅಲಕ್ಷಿಸಿರುವುದು ಸೋಜಿಗದ ಸಂಗತಿ.

ಲೆಕ್ಕ ಸರಳವಾಗಿದೆ. ಹಗಲಿರುಳು ತುರ್ತು ಸೇವೆ ನೀಡುವ ಆಸ್ಪತ್ರೆಯ ಒಂದು ಯಂತ್ರಕ್ಕೆ ವಾರಕ್ಕೆ 21 ಪಾಳಿಗಳು. ಒಬ್ಬ ತಂತ್ರಜ್ಞ ವಾರಕ್ಕೆ ಆರು ಪಾಳಿ ಮಾಡಿದರೂ ಮೂರೂವರೆ ಜನ ಬೇಕು. ರಜೆ, ಅನಾರೋಗ್ಯ, ಹಬ್ಬಗಳನ್ನು ಸೇರಿಸಿದರೆ ನಾಲ್ವರಿಗಿಂತ ಕಡಿಮೆಯಾದರೆ ನಡೆಯದು. ಇವರಲ್ಲೊಬ್ಬರು ಹೆಚ್ಚಿನ ಸಂಬಳಕ್ಕಾಗಿ ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೊರಟುಹೋದಾಗ ಉಳಿದವರ ಮೇಲೆ ಹೊರೆ ಬೀಳುತ್ತದೆ, ಇಲ್ಲವೇ ಯಂತ್ರ ಸುಮ್ಮನೆ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ತರಬೇತಿಗೆ ದಾರಿಗಳಿಲ್ಲವೆಂದಲ್ಲ. ಅರೆವೈದ್ಯಕೀಯ ಮಂಡಳಿಯ ಡಿಪ್ಲೊಮಾಗೆ ಎಸ್.ಎಸ್.ಎಲ್.ಸಿ. ಮುಗಿಸಿದವರೂ ಪಿ.ಯು.ಸಿ. ವಿಜ್ಞಾನ ಓದಿದವರೂ ಬಹುಕಾಲದಿಂದ ಸೇರುತ್ತ ಬಂದಿದ್ದಾರೆ. 1996ರಲ್ಲಿ ಸ್ಥಾಪನೆಗೊಂಡ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಯ ಪದವಿಯಿದೆ. ಕೊರತೆಯಿರುವುದು ಕಲಿಕೆಯ ಸ್ಥಳದಲ್ಲಿ. ಸ್ವಂತ ಆಸ್ಪತ್ರೆಯಿಲ್ಲದೆ, ಯಾವುದೋ ನರ್ಸಿಂಗ್ ಹೋಮ್‌ನೊಡನೆ ಕಾಗದದ ಮೇಲಷ್ಟೇ ಸಂಬಂಧ ಇಟ್ಟುಕೊಂಡು ನಡೆಯುವ ಶಿಕ್ಷಣ ಸಂಸ್ಥೆಗಳು ಪ್ರಮಾಣಪತ್ರ ನೀಡಬಲ್ಲವು. ರೇಡಿಯೋಗ್ರಾಫರ್ ಒಬ್ಬನನ್ನು ತಯಾರು ಮಾಡಲಾರವು.

ಇದಕ್ಕೆ ಕಾರಣ ವೃತ್ತಿಯ ಸ್ವರೂಪದಲ್ಲಿಯೇ ಇದೆ. ಎದೆಯ ಕ್ಷ-ಕಿರಣ ಚಿತ್ರವನ್ನು ಸುಮಾರು 180 ಸೆಂ.ಮೀ. ದೂರದಿಂದ, ಕಿರಣವು ಬೆನ್ನಿನ ಕಡೆಯಿಂದ ಹಾಯುವಂತೆ, ರೋಗಿಯು ಉಸಿರನ್ನು ಪೂರ್ಣ ಒಳಗೆಳೆದುಕೊಂಡಾಗ ತೆಗೆಯಬೇಕು. ಇಲ್ಲವಾದರೆ ಹೃದಯದ ನೆರಳು ನಿಜಕ್ಕಿಂತ ಹಿಗ್ಗಿ ಕಾಣುತ್ತದೆ. ಇದನ್ನು ಪಾಠದ ಕೋಣೆಯಲ್ಲಿ ಹತ್ತು ನಿಮಿಷದಲ್ಲಿ ಹೇಳಿಕೊಡಬಹುದು. ಆದರೆ ನಿಲ್ಲಲಾರದ, ಉಸಿರು ಹಿಡಿಯಲಾರದ, ಹೇಳಿದ ಮಾತು ಕೇಳಿಸದ ಎಪ್ಪತ್ತೈದರ ವೃದ್ಧರ ಮುಂದೆ ಆ ಪಾಠ ಅರ್ಧಕ್ಕೇ ನಿಲ್ಲುತ್ತದೆ. ತೊಡೆಯ ಮೂಳೆ ಮುರಿದು ಸ್ಟ್ರೆಚರಿನ ಮೇಲೆ ಬಂದವರನ್ನು ಮಗ್ಗುಲಾಗಿಸದೆಯೇ ಪಾರ್ಶ್ವ ಚಿತ್ರ ಪಡೆಯುವುದು, ಅಳುವ ಮಗುವನ್ನು ಎರಡನೆಯ ಬಾರಿ ಕಿರಣಕ್ಕೊಡ್ಡದಂತೆ ಮೊದಲ ಬಾರಿಗೇ ಕೆಲಸ ಮುಗಿಸುವುದು, ತೀವ್ರ ನಿಗಾ ಘಟಕದ ನಳಿಕೆಗಳ ನಡುವೆ ಚಲಿಸುವ ಯಂತ್ರವನ್ನು ತಂದು ನಿಲ್ಲಿಸುವುದು, ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ ಕಬ್ಬಿಣದ ಆಮ್ಲಜನಕ ಸಿಲಿಂಡರನ್ನು ತಡೆಯುವುದು ಹಿರಿಯ ತಂತ್ರಜ್ಞರ ಪಕ್ಕದಲ್ಲಿ ನಿಂತು ತಿಂಗಳುಗಟ್ಟಲೆ ಕಲಿಯಬೇಕಾದ ಕೆಲಸಗಳು.

ಡಿಜಿಟಲ್ ತಂತ್ರಜ್ಞಾನವು ಈ ಅಗತ್ಯವನ್ನು ಕಡಿಮೆ ಮಾಡಿದೆಯೆಂಬ ಭಾವನೆ ಅನೇಕ ಆಡಳಿತ ಮಂಡಳಿಗಳಲ್ಲಿದೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಫಿಲ್ಮಿನ ಕಾಲದಲ್ಲಿ ಕಿರಣದ ಪ್ರಮಾಣ ಹೆಚ್ಚಾದರೆ ಚಿತ್ರ ಕಪ್ಪಾಗುತ್ತಿತ್ತು. ತಪ್ಪು ಎಲ್ಲರಿಗೂ ಕಾಣುತ್ತಿತ್ತು. ಡಿಜಿಟಲ್ ಯಂತ್ರದ ಗಣಕವು ಅಧಿಕ ಪ್ರಮಾಣದ ಚಿತ್ರವನ್ನೂ ಸರಿಪಡಿಸಿ ಅಂದವಾಗಿಯೇ ತೋರಿಸುತ್ತದೆ. ಪ್ರಮಾಣ ಕಡಿಮೆಯಾದರೆ ಚಿತ್ರದಲ್ಲಿ ಮರಳು ಮರಳಾದ ಕಲೆಗಳು ಕಂಡು ವೈದ್ಯರು ಆಕ್ಷೇಪಿಸುತ್ತಾರೆ. ಹೆಚ್ಚಾದರೆ ಯಾರೂ ಆಕ್ಷೇಪಿಸುವುದಿಲ್ಲ. ಹೀಗಾಗಿ ಅರೆಬರೆ ಕಲಿತ ನಿರ್ವಾಹಕನು ತನಗರಿವಿಲ್ಲದೆಯೇ ದಿನದಿಂದ ದಿನಕ್ಕೆ ಪ್ರಮಾಣವನ್ನು ಏರಿಸುತ್ತ ಹೋಗುತ್ತಾನೆ. ಅದರ ಬೆಲೆ ತೆರುವವರು ರೋಗಿಗಳು.

ಬ್ರಿಟನ್ನಿನಲ್ಲಿ ರೇಡಿಯೋಗ್ರಾಫರುಗಳ ಸಂಘ 1920ರಲ್ಲಿಯೇ ಸ್ಥಾಪನೆಯಾಯಿತು. ಆಸ್ಪತ್ರೆಗಳಿಗೆ ಹೊಂದಿಕೊಂಡ ಶಾಲೆಗಳು ದಶಕಗಳ ಕಾಲ ಅಲ್ಲಿನ ತಂತ್ರಜ್ಞರನ್ನು ರೂಪಿಸಿದವು. 1990ರ ದಶಕದಲ್ಲಿ ಈ ಶಿಕ್ಷಣ ವಿಶ್ವವಿದ್ಯಾಲಯಗಳ ವಶವಾದರೂ ಪದವಿಯ ಗಣನೀಯ ಭಾಗವನ್ನು ವಿದ್ಯಾರ್ಥಿಗಳು ಇಂದಿಗೂ ಆಸ್ಪತ್ರೆಯಲ್ಲಿಯೇ ಕಳೆಯುತ್ತಾರೆ. ಅಮೆರಿಕದಲ್ಲಿ ನೋಂದಣಿ ಸಂಸ್ಥೆಯು 2015ರಿಂದ ಕನಿಷ್ಠ ಅಸೋಸಿಯೇಟ್ ಪದವಿಯನ್ನು ಕಡ್ಡಾಯಗೊಳಿಸಿದಾಗ, ಆಸ್ಪತ್ರೆ ಶಾಲೆಗಳು ಬಾಗಿಲು ಮುಚ್ಚುವ ಬದಲು ಸಮೀಪದ ಕಾಲೇಜುಗಳೊಡನೆ ಒಪ್ಪಂದ ಮಾಡಿಕೊಳ್ಳುವ ಮಾರ್ಗವನ್ನು ಹಿಡಿದವು. ಸಿದ್ಧಾಂತ ಕಾಲೇಜಿನಲ್ಲಿ, ಕಸುಬು ಆಸ್ಪತ್ರೆಯಲ್ಲಿ ಎಂಬ ಈ ಏರ್ಪಾಡು ನಮ್ಮ ಎರಡನೆಯ ಹಂತದ ನಗರಗಳಿಗೆ ಚೆನ್ನಾಗಿ ಒಗ್ಗುವಂತಹದು.

ಆದಾಗ್ಯೂ ಆಸ್ಪತ್ರೆ ಶಾಲೆಯೆಂಬುದು ದೋಷರಹಿತವಲ್ಲ. ಶುಲ್ಕ ಕಟ್ಟಿದ ವಿದ್ಯಾರ್ಥಿಯನ್ನೇ ಪುಕ್ಕಟೆ ಕೆಲಸಗಾರನನ್ನಾಗಿ ಬಳಸಿಕೊಳ್ಳುವ ಪ್ರಲೋಭನೆ ಇಲ್ಲಿ ಸದಾ ಇರುತ್ತದೆ. ರಾತ್ರಿ ಪಾಳಿಗೆ ಎರಡನೆಯ ವರ್ಷದ ಹುಡುಗನೊಬ್ಬನನ್ನೇ ಬಿಟ್ಟು ಹಿರಿಯ ತಂತ್ರಜ್ಞರು ಮನೆಗೆ ಹೋಗುವ ವಿಭಾಗವನ್ನು ಶಾಲೆಯೆಂದು ಕರೆಯಲಾಗದು. ಇದು ಕೇವಲ ನೀತಿಯ ಪ್ರಶ್ನೆಯಾಗಿ ಉಳಿದಿಲ್ಲ. 2004ರ ಪರಮಾಣು ಶಕ್ತಿ (ವಿಕಿರಣ ಸಂರಕ್ಷಣೆ) ನಿಯಮಗಳ ಪ್ರಕಾರ 18 ವರ್ಷ ತುಂಬದವರನ್ನು ವಿಕಿರಣ ಕೆಲಸಕ್ಕೆ ನೇಮಿಸುವಂತಿಲ್ಲ. 16 ತುಂಬದವರನ್ನು ತರಬೇತಿಗೂ ತೆಗೆದುಕೊಳ್ಳುವಂತಿಲ್ಲ. ವಯಸ್ಕ ಸಿಬ್ಬಂದಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿಯಿದ್ದರೆ, 16ರಿಂದ 18 ವರ್ಷದ ತರಬೇತಿಯವರಿಗೆ ಅದು 6 ಮಾತ್ರ. ಎಸ್.ಎಸ್.ಎಲ್.ಸಿ. ಮುಗಿಸಿ ನೇರವಾಗಿ ಬರುವ ವಿದ್ಯಾರ್ಥಿಯು ಸಾಮಾನ್ಯವಾಗಿ ಈ ವಯೋಮಾನದವನೇ ಆಗಿರುತ್ತಾನೆಂಬುದನ್ನು ಮರೆಯಲಾಗದು. ಸಿಬ್ಬಂದಿಯ ಎದೆಯ ಮೇಲೆ ಟಿ.ಎಲ್.ಡಿ. ಬ್ಯಾಡ್ಜ್ ಇದ್ದು, ಅವರ ಪಕ್ಕದಲ್ಲೇ ನಿಂತ ವಿದ್ಯಾರ್ಥಿಯ ಎದೆ ಬರಿದಾಗಿದ್ದರೆ, ಆ ಹುಡುಗ ಎಷ್ಟು ಕಿರಣಕ್ಕೆ ಒಡ್ಡಿಕೊಂಡನೆಂಬುದು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಬ್ಯಾಡ್ಜಿನ ವೆಚ್ಚವಾದರೋ ಯಂತ್ರದ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದಷ್ಟು.

ಕಾರ್ಖಾನೆ ನಡೆಸುವ ಸದಸ್ಯರಿಗೆ 1961ರ ಅಪ್ರೆಂಟಿಸ್ ಕಾಯ್ದೆ ಹೊಸದಲ್ಲ. ಲೇತ್ ಮುಂದೆ ನಿಲ್ಲುವ ಅಪ್ರೆಂಟಿಸ್‌ಗೆ ಮಾಸಿಕ ಭತ್ಯೆ ಕೊಡಲೇಬೇಕು. ಜೀವಂತ ರೋಗಿಯ ಮುಂದೆ ನಿಲ್ಲುವ ವಿದ್ಯಾರ್ಥಿ ಮಾತ್ರ ತಾನೇ ಹಣ ಕಟ್ಟಿ ದುಡಿಯಬೇಕೆಂಬುದಕ್ಕೆ ಸಮರ್ಥನೆ ಸಿಗದು. ಈ ಕೋರ್ಸುಗಳಿಗೆ ಬರುವವರಲ್ಲಿ ಸಣ್ಣ ರೈತರ, ಅಂಗಡಿ ನೌಕರರ, ಆಟೋ ಚಾಲಕರ ಮಕ್ಕಳಿದ್ದಾರೆ. ಒಡವೆ ಅಡವಿಟ್ಟು ಶುಲ್ಕ ತುಂಬಿದ ಮನೆಗಳಿವೆ. ಕೊನೆಯ ವರ್ಷದಲ್ಲಾದರೂ ಭತ್ಯೆ ನೀಡಿ, ಅದಕ್ಕೆ ಪ್ರತಿಯಾಗಿ ಎರಡು ವರ್ಷ ಅದೇ ಆಸ್ಪತ್ರೆಯಲ್ಲಿ ಸಂಬಳದ ಮೇಲೆ ದುಡಿಯುವ ಕರಾರನ್ನು ಮಾಡಿಕೊಂಡರೆ ಇಬ್ಬರಿಗೂ ಲಾಭ. ಮೂಲ ಪ್ರಮಾಣಪತ್ರಗಳನ್ನು ಕಿತ್ತಿಟ್ಟುಕೊಳ್ಳುವ ಪದ್ಧತಿ ಮಾತ್ರ ಈ ಕರಾರಿನ ಭಾಗವಾಗಕೂಡದು.

ಸಂಸತ್ತು 2021ರಲ್ಲಿ ಅಂಗೀಕರಿಸಿದ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗ ಕಾಯ್ದೆಯು ಈ ವೃತ್ತಿಗೆ ಕಾನೂನಿನ ಮನ್ನಣೆ ನೀಡಿದೆ. ಸಹಾಯಕ ಆರೋಗ್ಯ ವೃತ್ತಿಪರರಿಗೆ ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2,000 ಗಂಟೆಗಳ, ಆರೋಗ್ಯ ವೃತ್ತಿಪರರಿಗೆ ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ 3,600 ಗಂಟೆಗಳ ಶಿಕ್ಷಣವನ್ನು ಅದು ನಿಗದಿಪಡಿಸುತ್ತದೆ. ಗಂಟೆಗಳ ಲೆಕ್ಕ ಸ್ವಾಗತಾರ್ಹ. ಆದರೆ ಅವುಗಳಲ್ಲಿ ಎಷ್ಟು ಗಂಟೆ ಯಂತ್ರದ ಮುಂದೆ, ಯಾರ ಮೇಲ್ವಿಚಾರಣೆಯಲ್ಲಿ ಕಳೆದವೆಂಬುದನ್ನು ಹಾಜರಿ ಪುಸ್ತಕ ಹೇಳುವುದಿಲ್ಲ. ಪ್ರವೇಶ ಸಂಖ್ಯೆಯನ್ನು ಕಟ್ಟಡದ ವಿಸ್ತೀರ್ಣದ ಮೇಲಲ್ಲ, ವಿಭಾಗದಲ್ಲಿ ದಿನವೊಂದಕ್ಕೆ ನಡೆಯುವ ಪರೀಕ್ಷೆಗಳು ಹಾಗೂ ಲಭ್ಯವಿರುವ ಹಿರಿಯ ತಂತ್ರಜ್ಞರ ಸಂಖ್ಯೆಯ ಮೇಲೆ ನಿರ್ಧರಿಸಬೇಕು. ವಿದ್ಯಾರ್ಥಿಯು ಮಾಡಿದ ಪ್ರತಿಯೊಂದು ಪರೀಕ್ಷೆಗೂ ಹಿರಿಯರ ಸಹಿಯಿರುವ ದಾಖಲೆ ಪುಸ್ತಕವಿರಬೇಕು.

ಒಂದೇ ಆಸ್ಪತ್ರೆಗೆ ಇದೆಲ್ಲ ಭಾರವಾದೀತು. ಒಂದು ನಗರದ ನಾಲ್ಕೈದು ಆಸ್ಪತ್ರೆಗಳು ಕೂಡಿ ಒಂದು ಶಾಲೆಯನ್ನು ನಡೆಸಿದರೆ ವಿದ್ಯಾರ್ಥಿಯು ಒಂದೆಡೆ ಎಂ.ಆರ್.ಐ., ಮತ್ತೊಂದೆಡೆ ಅಪಘಾತ ವಿಭಾಗ, ಇನ್ನೊಂದೆಡೆ ಮ್ಯಾಮೊಗ್ರಫಿ ಕಲಿಯಬಹುದು. ಒಂದೇ ಕಂಪನಿಯ ಯಂತ್ರಕ್ಕೆ ಕೈ ಹೊಂದಿಕೊಂಡುಬಿಡುವ ದೋಷವೂ ತಪ್ಪುತ್ತದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಡಿ ಸಾಮಾಜಿಕ ಹೊಣೆಗಾರಿಕೆಗೆ ಹಣ ತೆಗೆದಿಡಲೇಬೇಕಾದ ಉದ್ಯಮಗಳಿಗೆ ವೃತ್ತಿ ಕೌಶಲ ತರಬೇತಿಯು ಅಂಗೀಕೃತ ಬಾಬತ್ತು. ಬಡ ವಿದ್ಯಾರ್ಥಿಗಳ ಶುಲ್ಕವನ್ನು ಅದರಿಂದ ಭರಿಸಲು ಅಡ್ಡಿಯಿಲ್ಲ. ಜಿಲ್ಲಾ ವಾಣಿಜ್ಯ ಸಂಸ್ಥೆಗಳ ಆರೋಗ್ಯ ಸಮಿತಿಗಳು ತಮ್ಮ ಸದಸ್ಯ ಆಸ್ಪತ್ರೆಗಳಲ್ಲಿ ಎಷ್ಟು ಯಂತ್ರಗಳಿವೆ, ಎಷ್ಟು ಪಾಳಿಗಳು ಖಾಲಿ ಬೀಳುತ್ತಿವೆ, ಕಲಿಸಬಲ್ಲ ಹಿರಿಯ ತಂತ್ರಜ್ಞರು ಎಷ್ಟು ಜನ ಎಂಬ ಪಟ್ಟಿಯನ್ನು ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶಕ್ಕೆ ಮುನ್ನವೇ ಸಿದ್ಧಪಡಿಸಬಹುದು. ನಿವೃತ್ತಿಯ ಅಂಚಿನಲ್ಲಿರುವ, ಫಿಲ್ಮ್ ತೊಳೆದು ಕೆಲಸ ಕಲಿತ ತಂತ್ರಜ್ಞರನ್ನು ಬೋಧಕರನ್ನಾಗಿ ಉಳಿಸಿಕೊಳ್ಳಲು ಈಗಿನ್ನೂ ಕಾಲಾವಕಾಶವಿದೆ.